ಅಮಾವಾಸ್ಯೆಯ ದಿನದ ಡೈರಿ

ಎಂ.ಎಸ್.ಡಬ್ಲ್ಯೂ.ನಲ್ಲಿ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಲ್ಲಿ, ಏನೇನು ಓದಿದಿರಿ ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಪೇಪರುಗಳ ಹೆಸರೇ ನೆನಪಿಗೆ ಬರುವುದಿಲ್ಲ. ಫೀಲ್ಡ್ ವರ್ಕಿಗೆ ಹೋಗಿದ್ದ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಏನೇನು ಉಂಡಿರಿ ಅಂತ ಕೇಳಿ, ಇವತ್ತಿಗೂ ಹೇಳುತ್ತೇನೆ. ಬೆಳಗ್ಗೆ ಚುರುಮುರಿ ಒಗ್ಗರಣೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ರಾತ್ರಿ ಮತ್ತೆ ಅದೇ ರೊಟ್ಟಿ, ಆದರೆ ಬೇರೆ ಮನೆಯದು.

ನಮಗೆ ಪಾಠ ಮಾಡಿದ ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಮೊದಲು ಎಲ್ಲರೂ 'ಓಂ ಶಾಂತಿ' ಹಾಕಿದರು. ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು. ಆಮೇಲೆ ನಮ್ಮ ತಂಡದಲ್ಲಿದ್ದ ಒಬ್ಬ 'ಅಮಾಸಿ ದಿನ ಮಗ್ಗ ನಡೀತಾವೇನು?' ಅಂತ ಒಂದೇ ಸಾಲು ಬರೆದ. ಉಳಿದವರಿಗೆ ಅರ್ಥವಾಗಲಿಲ್ಲ. ಗುಳೇದಗುಡ್ಡಕ್ಕೆ ಹೋಗಿದ್ದ ನಾವು ಐದು ಜನ ಅಳಬೇಕಾದ ಹೊತ್ತಿನಲ್ಲಿ ನಕ್ಕೆವು. ಆ ಕಥೆ ಹೇಳುತ್ತೇನೆ.

ನಮ್ಮ ವಿಭಾಗದಲ್ಲಿ ಅವರನ್ನು ಎಲ್ಲರೂ 'ಡೈರಿ ಸರ್' ಅನ್ನುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಸಂಘದ ಈ ಸಂಚಿಕೆ ಓದುವ ಹಳಬರಿಗೆ ಅಷ್ಟು ಹೇಳಿದರೆ ಸಾಕು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಕೆಂಪು ಪೆನ್ನು. ಎರಡೇಕೆ ಅಂದರೆ ಒಂದು ಮಧ್ಯದಲ್ಲೇ ಮುಗಿದುಹೋಗುತ್ತಿತ್ತು. ಕ್ಲಾಸಿನಲ್ಲಿ ಅವರು ಅಂಥ ಪ್ರಚಂಡ ಉಪನ್ಯಾಸಕರೇನಲ್ಲ, ಸತ್ಯ ಹೇಳಬೇಕಲ್ವಾ. ಹಿಂದಿನ ಬೆಂಚಿನವರು ಆರಾಮಾಗಿ ನಿದ್ದೆ ಮಾಡಬಹುದಿತ್ತು. ಅವರ ಪಾಠ ಶುರುವಾಗುತ್ತಿದ್ದದ್ದು ಫೀಲ್ಡ್ ವರ್ಕ್ ಡೈರಿಯಲ್ಲಿ. ಪ್ರತಿ ಪುಟ, ಪ್ರತಿ ಸಾಲು ಓದುತ್ತಿದ್ದರು. 'ಅರಿವು ಮೂಡಿಸಲಾಯಿತು' ಅಂತ ಬರೆದರೆ ಅಂಚಿನಲ್ಲಿ ಕೆಂಪು ಶಾಯಿ: 'ಯಾರಿಗೆ? ಅವರಿಗೋ, ನಿಮಗೋ?' 'ಸಬಲೀಕರಣ' ಅಂತ ಬರೆದರೆ ಅದರ ಸುತ್ತ ಒಂದು ಸೊನ್ನೆ. ಆ ಸೊನ್ನೆಗೆ ವಿವರಣೆ ಇರುತ್ತಿರಲಿಲ್ಲ. ನಾವೇ ತಿಳಿದುಕೊಳ್ಳಬೇಕು.

ಎರಡನೇ ವರ್ಷದ ಬ್ಲಾಕ್ ಪ್ಲೇಸ್‌ಮೆಂಟ್ ಬಂದಾಗ ಎಲ್ಲರಿಗೂ ಬೆಂಗಳೂರಿನ ಹೆಸರಾಂತ ಸಂಸ್ಥೆಗಳ ಮೇಲೆ ಕಣ್ಣು. ಈಗ ಇಂಟರ್ನ್‌ಶಿಪ್ ಅನ್ನುವುದನ್ನೇ ನಾವು ಆಗ ಬ್ಲಾಕ್ ಪ್ಲೇಸ್‌ಮೆಂಟ್ ಅನ್ನುತ್ತಿದ್ದೆವು. ನಮ್ಮ ಐದು ಜನರ ಹೆಸರಿನ ಮುಂದೆ ಸರ್ 'ಗುಳೇದಗುಡ್ಡ' ಅಂತ ಬರೆದುಬಿಟ್ಟರು. ವಿಷಯ: 'ಸಣ್ಣ ಊರಿನ ಪುನಶ್ಚೇತನ'. ನಾವು ಮುಖ ಸಣ್ಣ ಮಾಡಿಕೊಂಡು ಹೋಗಿ, ಯಾಕೆ ಸರ್ ಆ ಊರು ಅಂತ ಕೇಳಿದೆವು. ಅವರು ಹೇಳಿದ್ದು ಹೀಗೆ: 'ಸಣ್ಣ ಊರು ಅಂದ್ರ ಹಳ್ಳಿ ಯೋಜನಾಕ್ಕೂ ಸಿಗೂದಿಲ್ಲ, ದೊಡ್ಡ ಪ್ಯಾಟಿ ರೊಕ್ಕಕ್ಕೂ ಸಿಗೂದಿಲ್ಲ. ಹೋಗಿ ನೋಡ್ರಿ.'

ಆ ಮಾತಿನ ಅರ್ಥ ಅಲ್ಲಿ ಹೋದ ಮೇಲೆ ತಿಳಿಯಿತು. ಅದು 2001ರ ಜನವರಿ. ಸ್ತ್ರೀಶಕ್ತಿ ಯೋಜನೆ ಆಗಷ್ಟೇ ಶುರುವಾಗಿತ್ತು. ಸುತ್ತಲ ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳು ಹುಟ್ಟುತ್ತಿದ್ದವು. ಆದರೆ ಅದು ಹಳ್ಳಿಗಳಿಗೆ ಮಾಡಿದ ಯೋಜನೆ, ಗುಳೇದಗುಡ್ಡ ಪುರಸಭೆಯ ಊರು. ನಗರಗಳಿಗೆ ಅಂತ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಇತ್ತು. ನಾವು ಕೇಳಿದ ಓಣಿಗಳಲ್ಲಿ ಅದರ ಹೆಸರು ಕೇಳಿದವರೇ ಸಿಗಲಿಲ್ಲ. ಆಗ ಗುಳೇದಗುಡ್ಡ ಬಾದಾಮಿ ತಾಲ್ಲೂಕಿನಲ್ಲಿತ್ತು. ಈಗ ಅದೇ ಒಂದು ತಾಲ್ಲೂಕು.

ಇಳಕಲ್ ಸೀರೆ, ಗುಳೇದಗುಡ್ಡ ಖಣ. ಉತ್ತರ ಕರ್ನಾಟಕದಲ್ಲಿ ಹುಟ್ಟಿದವರಿಗೆ ಈ ಜೋಡಿಯನ್ನು ಹೊಸದಾಗಿ ಹೇಳಬೇಕಿಲ್ಲ. ಆ ಕಡೆಯವರಲ್ಲದವರಿಗೆ: ಖಣ ಅಂದರೆ ಕುಪ್ಪಸಕ್ಕೆ ಅಂತಲೇ ನೇಯುವ ಬಟ್ಟೆ. ಎರಡು ಕಡೆ ಎದ್ದು ಕಾಣುವ ದಡಿ, ನಡುವೆ ಒತ್ತೊತ್ತಾಗಿ ಸಣ್ಣ ಸಣ್ಣ ಚಿತ್ತಾರ. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಅಂತ ಒಂದೊಂದಕ್ಕೂ ಹೆಸರು. ಚಿತ್ತಾರ ಮೇಲೆ ಅಚ್ಚು ಹಾಕಿದ್ದಲ್ಲ. ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಹೆಚ್ಚಿನ ಎಳೆ ಕೊಟ್ಟು ನೇಯುವಾಗಲೇ ಮೂಡಿಸುವುದು. ನೇಕಾರ ನೆಲದ ಗುಂಡಿಯೊಳಗೆ ಕಾಲು ಬಿಟ್ಟು ಕೂರುವ ಕುಣಿಮಗ್ಗ. ಹೊರಗಿನಿಂದ ಬಂದವರಿಗೆ ಮೊದಲು ಕೇಳಿಸುವುದು ಮಗ್ಗದ ಸದ್ದು. ಸ್ವಲ್ಪ ದಿನ ಕಳೆದ ಮೇಲೆ ಅದು ಕೇಳಿಸುವುದೇ ಇಲ್ಲ.

ನಾವು ಹೋದಾಗ ಆ ಸದ್ದು ಕಡಿಮೆಯಾಗುತ್ತಿತ್ತು. ಕಾರಣ ಹುಡುಕಲು ಕಷ್ಟಪಡಬೇಕಿರಲಿಲ್ಲ. ಹೊಸ ಹುಡುಗಿಯರು ಖಣದ ಕುಪ್ಪಸ ಹೊಲಿಸುವುದು ಬಿಟ್ಟಿದ್ದರು. ಪವರ್‌ಲೂಮ್ ಅದೇ ಚಿತ್ತಾರವನ್ನು ಕಡಿಮೆ ರೇಟಿಗೆ ಕೊಡುತ್ತಿತ್ತು. ನೂಲು ಮಾಲಕರದು, ಮಾರುಕಟ್ಟೆ ಮಾಲಕರದು. ನೇಕಾರನಿಗೆ ಸಿಗುವುದು ಮಜೂರಿ ಮಾತ್ರ. ಇದೆಲ್ಲ ನಾವು ಹೋದ ಕೆಲವೇ ದಿನಗಳಲ್ಲಿ ಬರೆದು ಮುಗಿಸಿದೆವು. ಬಹಳ ಜಾಣರಾದೆವು ಅಂದುಕೊಂಡೆವು.

ಸರ್ ಬಸ್ಸಿನಲ್ಲಿ ಬಂದು ಓದಿದರು. ನಾವು ಬರೆಯದೆ ಬಿಟ್ಟದ್ದನ್ನು ಅವರು ಚಹಾದ ಅಂಗಡಿಯಲ್ಲಿ ಕೂತು ಕೇಳಿದರು: 'ನಿಮ್ಮನ್ಯಾಗ ಉಡಿ ತುಂಬಿದ ಖಣ ಏನ್ ಮಾಡ್ತೀರಿ?' ನಾನು ಹೇಳಿದೆ, ಅವ್ವ ಟ್ರಂಕಿನಲ್ಲಿ ಇಟ್ಟುಕೊಂಡು ಬೇರೆಯವರ ಉಡಿಗೆ ಹಾಕುತ್ತಾಳೆ. 'ಹಾಕಿಸಿಕೊಂಡಾಕಿ?' ಅವಳೂ ಅದನ್ನೇ ಮಾಡುತ್ತಾಳೆ. ಸರ್ ಸುಮ್ನೆ ಚಹಾ ಕುಡಿದರು. ನನಗೆ ಆಗ ಹೊಳೆಯಿತು. ಯಾರೂ ಹೊಲಿಸುವುದಿಲ್ಲ ಅಂತ ಗೊತ್ತಿರುವ ಬಟ್ಟೆಗೆ ಯಾರು ತಾನೇ ಜಾಸ್ತಿ ದುಡ್ಡು ಕೊಡುತ್ತಾರೆ? ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಜೊತೆಗೆ ಅಗ್ಗದ ಪಾಲಿಸ್ಟರ್ ತುಂಡು ಸಾಕು. ಖಣ ಮನೆಯಿಂದ ಮನೆಗೆ ತಿರುಗುತ್ತಿತ್ತು, ಮೈ ಮೇಲೆ ಬರುತ್ತಿರಲಿಲ್ಲ. ಊರಿನ ಪುನಶ್ಚೇತನಕ್ಕೆ ಬಂದ ನಾನು ನನ್ನ ಅವ್ವನ ಟ್ರಂಕಿನ ಬಗ್ಗೆ ಎರಡು ಪುಟ ಬರೆದೆ. ಆ ಪುಟಗಳಲ್ಲಿ ಕೆಂಪು ಶಾಯಿ ಇರಲಿಲ್ಲ.

ಇನ್ನು ಅಮಾವಾಸ್ಯೆಗೆ ಬರೋಣ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ನಾಟಕ ಕಂಪನಿಗಳು ಟೆಂಟು ಹಾಕಿರುತ್ತವೆ. ಗುಳೇದಗುಡ್ಡದಿಂದ ಬಾದಾಮಿಗೆ ಬಸ್ಸು, ಅಲ್ಲಿಂದ ಐದು ಕಿಲೋಮೀಟರ್. ಇಷ್ಟು ಹತ್ತಿರ ಇದ್ದೂ ಹೋಗದಿದ್ದರೆ ದೇವಿಯೇ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ತಂಡದಲ್ಲಿ ಒಮ್ಮತ ಮೂಡಿತು. ಜನವರಿ 24, ಅವರಾತ್ರಿ ಅಮಾವಾಸ್ಯೆ. ನಮಗೆ ಅದು ಬರೀ ಬುಧವಾರ. ಬೆಳಗ್ಗೆಯೇ ಹೊರಟೆವು. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದೆವು. ಬಳೆ ಇಡಿಸಿಕೊಂಡೆವು. ರಾತ್ರಿ ನಾಟಕ ನೋಡಿದೆವು. ಹಾಸ್ಯದವನು ಮುಂದಿನ ಸಾಲಿನಲ್ಲಿದ್ದ ನಮ್ಮ ಹುಡುಗರನ್ನೇ ಹಿಡಿದುಕೊಂಡು ರೇಗಿಸಿದ. ಬೆಳಗಿನ ಜಾವ ಸಿಕ್ಕ ಟೆಂಪೋದಲ್ಲಿ ತೂಕಡಿಸುತ್ತಾ ವಾಪಸ್ ಬಂದೆವು.

ಡೈರಿ ಬರೆಯಬೇಕಲ್ಲ. ನಾನೇ ಬರೆದೆ, ಉಳಿದ ನಾಲ್ವರು ಪದ ಬದಲಿಸಿ ನಕಲು ಮಾಡಿದರು. 'ಈ ದಿನ ಮೂರು ಓಣಿಗಳ ಮಗ್ಗಗಳಿಗೆ ಭೇಟಿ ನೀಡಿ ನೇಯ್ಗೆಯ ವಿಧಾನವನ್ನು ಗಮನಿಸಲಾಯಿತು. ನೇಕಾರರಲ್ಲಿ ಉಳಿತಾಯದ ಬಗ್ಗೆ ಅರಿವು ಮೂಡಿಸಲಾಯಿತು.' ಭಾಷೆ ಎಷ್ಟು ಚೆನ್ನಾಗಿತ್ತು ನೋಡಿ. ಆಗಲೂ ನನ್ನ ಬರವಣಿಗೆಗೆ ತಂಡದಲ್ಲಿ ಬೆಲೆ ಇತ್ತು.

ಸರ್ ಬಂದರು. ಐದು ಡೈರಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. ಬೈಯಲಿಲ್ಲ. 'ಅಮಾಸಿ ದಿನ ಮಗ್ಗ ನಡೀತಾವೇನವ್ವಾ?' ಅಂತ ಕೇಳಿದರು ಅಷ್ಟೇ. ಅಮಾವಾಸ್ಯೆ ದಿನ ಆ ಊರಿನಲ್ಲಿ ಮಗ್ಗಕ್ಕೆ ರಜೆ. ನಾವು ಆ ಊರಿನಲ್ಲಿ ಅಷ್ಟು ದಿನ ಇದ್ದು ಇದೊಂದು ಗೊತ್ತಿರಲಿಲ್ಲ. ನಮ್ಮ ಹುಡುಗನೊಬ್ಬ ತಲೆ ತಗ್ಗಿಸಿಕೊಂಡೇ, 'ಸರ್, ನಾಟಕ ಚಲೋ ಇತ್ತು' ಅಂದ. ಸರ್‌ಗೂ ನಗು ತಡೆಯಲಾಗಲಿಲ್ಲ. ಯಾವ ಕಂಪನಿ ಅಂತ ವಿಚಾರಿಸಿ, ಆಮೇಲೆ ಶಿಕ್ಷೆ ಹೇಳಿದರು. ಅಮಾವಾಸ್ಯೆ ದಿನ ಯಾರು ಯಾರು ಏನೇನು ಮಾಡಿದರು, ಮನೆ ಮನೆಗೆ ಹೋಗಿ ಕೇಳಿಕೊಂಡು ಬರಬೇಕು. ಬೆಳಗಿನಿಂದ ರಾತ್ರಿಯವರೆಗೆ, ಗಂಡಸರದು ಬೇರೆ, ಹೆಂಗಸರದು ಬೇರೆ.

ಹೋದೆವು. ಫೆಬ್ರವರಿ ಬಂದಿತ್ತು. ಅದೇ ಹೊತ್ತಿಗೆ ಜನಗಣತಿಯೂ ಶುರುವಾಗಿದ್ದರಿಂದ ಬಾಗಿಲಲ್ಲಿ ನಿಂತರೆ 'ಖಾನೇಸುಮಾರಿಯವರೇನ್ರಿ? ನಿನ್ನೇನ ಬರಕೊಂಡು ಹ್ವಾದ್ರಲ್ಲ' ಅನ್ನುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಒಳಗೆ ಕರೆದು ಕೂರಿಸಿದಳು. ಕಣ್ಣು ಮಂಜು, ಆದರೂ ರಾಟೆಯ ಮುಂದೆ ಕೂತು ಕಂಡಿಕೆ, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುತ್ತಿದ್ದಳು. ನೂಲು ಹರಿದರೆ ನೋಡದೆಯೇ ಬೆರಳಲ್ಲಿ ಹುಡುಕಿ ಗಂಟು ಹಾಕುತ್ತಿದ್ದಳು. ಅಮಾವಾಸ್ಯೆ ದಿನ ಏನು ಮಾಡಿದಿರಿ ಅಜ್ಜಿ ಅಂದೆ. 'ಮಗ ಮಗ್ಗಕ್ಕ ಪೂಜಿ ಮಾಡಿ, ಹೋಳಗಿ ಉಂಡು ಮಲಗಿದ. ಸೊಸಿ ನಸಿಕಿನ್ಯಾಗ ಎದ್ದು ಮನಿ ಸಾರಿಸಿ, ಹೋಳಗಿ ಮಾಡಿ, ಸಂಜಿಗೆ ರಾಟಿ ಮುಂದ ಕುಂತಳು. ಮರುದಿನಕ್ಕ ಕಂಡಿಕಿ ಬೇಕಲ್ಲ ಯವ್ವಾ.' ನಾನು ಬರೆದುಕೊಂಡೆ. ಅವಳು ನನ್ನ ಫಾರಂ ಕಡೆ ಕೈ ತೋರಿಸಿ ಕೇಳಿದಳು: 'ಇದರಾಗ ಮಗ್ಗದ ಮಜೂರಿ ಬರಕೊಂಡ್ರಿ. ನನ್ನ ಕಂಡಿಕಿ ಯಾರ್ ಬರಕೋತಾರ?'

ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಮಜೂರಿ ಲೆಕ್ಕ ಬಟ್ಟೆಗೆ, ಬಟ್ಟೆ ಮಗ್ಗದವನ ಹೆಸರಿಗೆ. ಹಾಸಿನ ಎಳೆಗಳಿಗೆ ಗಂಜಿ ಹಚ್ಚುವವಳು, ಹಳೆಯ ಎಳೆಗೆ ಹೊಸ ಎಳೆ ಕೆಚ್ಚುವವಳು, ಕಂಡಿಕೆ ಸುತ್ತುವವಳು ಎಲ್ಲ 'ಮನೆಗೆಲಸ'. ರಾತ್ರಿ ಸರ್‌ಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಮರುದಿನದ ಬಸ್ಸಿಗೆ ಅವರು ಹಾಜರ್. ಸೈಕ್ಲೋಸ್ಟೈಲ್ ಮಾಡಿದ ಅಷ್ಟೂ ಫಾರಂಗಳಿಗೆ ಸ್ಕೇಲ್ ಹಿಡಿದು ಒಂದು ಹೊಸ ಗೆರೆ ಎಳೆದರು. ಕೆಂಪು ಪೆನ್ನಿನಲ್ಲೇ. ನಾವು ಕೇಳಿಬಂದ ಮನೆಗಳಿಗೆಲ್ಲ ಮತ್ತೆ ಹೋದೆವು.

ನಾವು ಊರು ಬಿಡುವ ಮುಂಚೆ ಕಂಡಿಕೆ ಸುತ್ತುವ ಹೆಂಗಸರದೇ ಒಂದು ಉಳಿತಾಯದ ಗುಂಪು ಶುರುವಾಯಿತು. ವಾರಕ್ಕೆ ಹತ್ತು ರೂಪಾಯಿ. ಮೊದಲ ಸಾಲ ಯಾವುದಕ್ಕೆ ಕೊಟ್ಟರು ಗೊತ್ತೇ? ಕನ್ನಡಕಕ್ಕೆ. ಊರು ಉದ್ಧಾರ ಮಾಡಿದೆವು ಅಂತ ನಾನು ಹೇಳುವುದಿಲ್ಲ. ಒಂದು ಊರಿನ ಮಗ್ಗ ನಿಲ್ಲುವುದೋ ಓಡುವುದೋ ಎಂಬುದು ಐದು ವಿದ್ಯಾರ್ಥಿಗಳ ಕೈಯಲ್ಲಿ ಇರುವುದಿಲ್ಲ. ಆದರೂ ಒಂದು ಮಾತು ಹೇಳಿಕೊಳ್ಳಲೇಬೇಕು, ಸಂಪಾದಕರು ಕತ್ತರಿ ಹಾಕಬಾರದು. ಖಣವನ್ನು ಕುಪ್ಪಸಕ್ಕೆ ಮಾತ್ರ ಬಿಡದೆ ಚೀಲ, ಫೈಲು, ದಿಂಬಿನ ಗವಸು ಮಾಡಬಹುದು ಅಂತ ನಮ್ಮ ವರದಿಯಲ್ಲಿ ಆಗಲೇ ಬರೆದಿದ್ದೆವು. ಆ ಅಧ್ಯಾಯ ನನ್ನದು. ಈಗ ಖಣದ ಸೀರೆ ಫ್ಯಾಷನ್ ಆಗಿದೆ, ಖಣದ ಬ್ಯಾಗು ಬೆಂಗಳೂರಿನ ಅಂಗಡಿಗಳಲ್ಲಿ ತೂಗುತ್ತದೆ. ಅದಕ್ಕೂ ನಮ್ಮ ವರದಿಗೂ ಸಂಬಂಧವಿಲ್ಲ, ಗೊತ್ತು. ಆದರೆ ಬ್ಯಾಗು ಕಂಡಾಗಲೆಲ್ಲ ಜೊತೆಯಲ್ಲಿದ್ದವರಿಗೆ ಹೇಳದೆ ಇರಲಾಗುವುದಿಲ್ಲ. ಹಾಗೆ ತೂಗುವುದರಲ್ಲಿ ಎಷ್ಟು ಕೈಮಗ್ಗದ್ದು, ಎಷ್ಟು ಪವರ್‌ಲೂಮಿನದು ಅಂತ ತಿರುವಿ ನೋಡುವ ಚಟವೂ ಅಂಟಿದೆ.

ಈಗ ನಾನು ಒಂದು ಕಂಪನಿಯ ಸಿ.ಎಸ್.ಆರ್., ಅಂದರೆ ಸಾಮಾಜಿಕ ಹೊಣೆಗಾರಿಕೆಯ ವಿಭಾಗ ನೋಡಿಕೊಳ್ಳುತ್ತೇನೆ. 2014ರಿಂದ ದೊಡ್ಡ ಕಂಪನಿಗಳು ಲಾಭದಲ್ಲಿ ಶೇ 2ರಷ್ಟು ಇಂಥ ಕೆಲಸಕ್ಕೆ ಕೊಡಬೇಕು ಅಂತ ಕಾನೂನಾಗಿದೆಯಲ್ಲ, ಹಾಗಾಗಿ ನನ್ನ ಮೇಜಿಗೆ ದಿನಾ ಪ್ರಸ್ತಾವನೆಗಳು ಬರುತ್ತವೆ. 'ಅರಿವು ಮೂಡಿಸಲಾಗುವುದು' ಅಂತ ಕಂಡರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ಆಫೀಸಿನ ಹುಡುಗರು ನನಗೂ ಏನೋ ಅಡ್ಡಹೆಸರು ಇಟ್ಟಿದ್ದಾರಂತೆ. ಇನ್ನೂ ಕಿವಿಗೆ ಬಿದ್ದಿಲ್ಲ.

ಈಗ ಡಿಗ್ರಿ ಮಕ್ಕಳಿಗೂ ಇಂಟರ್ನ್‌ಶಿಪ್ ಇದೆ. ಒಳ್ಳೆಯದೇ. ಆದರೆ ನನ್ನ ಅಣ್ಣನ ಮಗಳು 'ಸಮುದಾಯ ಅಭಿವೃದ್ಧಿ'ಯ ಇಂಟರ್ನ್‌ಶಿಪ್ಪನ್ನು ಮನೆಯ ಸೋಫಾದ ಮೇಲೆ ಮುಗಿಸಿದಳು. ಗೂಗಲ್ ಫಾರ್ಮ್ ಕಳಿಸಿದಳು, ಪೋಸ್ಟರ್ ಮಾಡಿದಳು, ಸರ್ಟಿಫಿಕೇಟ್ ಬಂತು. ಯಾವ ಊರಿಗೆ ಮಾಡಿದ್ದಮ್ಮಾ ಅಂದರೆ ಫೋನ್ ತೆಗೆದು ನೋಡಿ ಹೇಳಿದಳು. ಅವಳನ್ನು ಬೈದು ಪ್ರಯೋಜನವಿಲ್ಲ. ಕಳಿಸಿದವರು ಯಾರೂ ಬಸ್ಸು ಹತ್ತಿ ನೋಡಲು ಹೋಗಲಿಲ್ಲ. ಈಗಿನ ಮೇಷ್ಟ್ರುಗಳ ಕಷ್ಟವೂ ನನಗೆ ಗೊತ್ತಿದೆ. ಅತಿಥಿ ಉಪನ್ಯಾಸಕರಿಗೆ ಸಂಬಳವೇ ಸರಿಯಾಗಿ ಕೈಸೇರುವುದಿಲ್ಲ, ಬಸ್ ಚಾರ್ಜ್ ಯಾರು ಕೊಡುತ್ತಾರೆ? ನಮ್ಮ ಸರ್ ಕೂಡ ಟಿಕೆಟುಗಳನ್ನು ಜೋಪಾನವಾಗಿ ತೆಗೆದಿಡುತ್ತಿದ್ದರು. ಆ ದುಡ್ಡು ಅವರಿಗೆ ಎಂದಾದರೂ ವಾಪಸ್ ಬಂತೋ ಇಲ್ಲವೋ, ನಾವು ಕೇಳಲಿಲ್ಲ.

ಶ್ರದ್ಧಾಂಜಲಿ ಸಭೆಗೆ ಗುಳೇದಗುಡ್ಡದಿಂದ ಇಬ್ಬರು ಬಂದಿದ್ದರು. ಅವರಲ್ಲಿ ಒಬ್ಬರು ಆ ಅಜ್ಜಿಯ ಓಣಿಯವರು. ನಮ್ಮ ಬ್ಯಾಚು ಪಾಸಾಗಿ ಹೋದ ಮೇಲೂ ಸರ್ ಬಹಳ ವರ್ಷ ಆ ಊರಿಗೆ ಬರುತ್ತಿದ್ದರಂತೆ. ಯಾವ ದಿನ ಅಂದರೆ ಅಮಾವಾಸ್ಯೆ ದಿನ. 'ಅವತ್ತ ನಮಗೂ ಪುರುಸೊತ್ತು ಇರತಿತ್ತಲ್ರೀ' ಅಂದರು ಅವರು. ಗುಂಪಿನ ಲೆಕ್ಕದ ಪುಸ್ತಕ ನೋಡಿ, ಹೋಳಿಗೆ ಉಂಡು, ಸಂಜೆ ಬಸ್ಸಿಗೆ ಹೋಗುತ್ತಿದ್ದರಂತೆ. ವಿಭಾಗದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಂಘದವರಿಗೆ ಒಂದು ತಕರಾರು. ಬರುವ ಸಮಾವೇಶದಲ್ಲಿ ನಿವೃತ್ತ ಅಧ್ಯಾಪಕರಿಗೆಲ್ಲ ಶಾಲು ಹೊದಿಸುವುದು ಅಂತ ನಿಮ್ಮ ಪತ್ರದಲ್ಲಿದೆ. ಆ ಹೊಳೆಯುವ ಪಾಲಿಸ್ಟರ್ ಶಾಲು ಬೇಡ. ಅದೂ ಮುಂದಿನ ಸಮಾರಂಭಕ್ಕೆ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಅದರ ಬದಲು ಕೈಮಗ್ಗದ ಖಣ ತರಿಸಿ, ಮಾಲಕರ ಅಂಗಡಿಯಿಂದ ಅಲ್ಲ, ನೇಯ್ದವರ ಹತ್ತಿರವೇ. ದುಡ್ಡು ಅಲ್ಲೇ ಕೈಗೆ ಕೊಟ್ಟು ಬನ್ನಿ, ಉದ್ರಿ ಹೇಳಬೇಡಿ. ಕಂಡಿಕೆ ಸುತ್ತಿದವರಿಗೆ ಎಷ್ಟು ಅಂತ ಕೇಳಿ ಅದನ್ನು ಬೇರೆ ಕೊಡಿ. ಖರ್ಚು ನಾನು ವಹಿಸಿಕೊಳ್ಳುತ್ತೇನೆ. ಹೋಗುವವರು ಪಂಚಾಂಗ ನೋಡಿಕೊಂಡು ಹೋಗಿ.