ಬಣ್ಣ ಏನ್ ಹಾಕ್ತೀರಾ?

ನಮ್ಮ ವೈನ್‌ಗೆ ಬಣ್ಣ ಅಂತ ಏನೂ ಹಾಕುವುದಿಲ್ಲ. ಉತ್ತರ ಇಷ್ಟೇ. ಅರ್ಜೆಂಟ್ ಇರುವವರು ಇಲ್ಲಿಂದಲೇ ಹೋಗಬಹುದು.

ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಮ್ಮ ದ್ರಾಕ್ಷಿ ತೋಟ ಇದೆ. 2007ರಲ್ಲಿ ಸರ್ಕಾರ ವೈನ್ ನೀತಿ ತಂದ ಮೇಲೆ ಅಪ್ಪ ಬೆಂಗಳೂರು ಬ್ಲೂ ಬಳ್ಳಿಗಳನ್ನೆಲ್ಲ ಕೀಳಿಸಿ ಶಿರಾಜ್, ಕ್ಯಾಬರ್ನೆ ಅನ್ನುವ ವೈನ್ ದ್ರಾಕ್ಷಿ ಹಾಕಿಸಿದರು. ಮನೆಯವರಿಗೆ ತಿನ್ನೋಕೆ ಅಂತ ಬ್ಲೂ ಒಂದು ಸಾಲು ಉಳಿಯಿತು. ಅಪ್ಪ, ಅಣ್ಣ, ನಾನು ಸೇರಿ ರೆಡ್ ವೈನ್ ಮಾಡುತ್ತೇವೆ. ಅಂದಿನಿಂದ ಈ ಪ್ರಶ್ನೆ ನಮ್ಮ ಹಿಂದೆ ಬಿದ್ದಿದೆ.

ಕೇಳುವ ರೀತಿಯೇ ನನಗೆ ಉರಿಯುವುದು. 'ಬಣ್ಣ ಹಾಕ್ತೀರಾ?' ಅಂತ ಯಾರೂ ಕೇಳುವುದಿಲ್ಲ. 'ಬಣ್ಣ ಏನ್ ಹಾಕ್ತೀರಾ?' ಅನ್ನುತ್ತಾರೆ. ಹಾಕುವುದಂತೂ ಗ್ಯಾರಂಟಿ, ಹೆಸರೊಂದು ಗೊತ್ತಾಗಬೇಕು ಅಷ್ಟೆ.

ಒಂದು ಮಾರ್ಚಲ್ಲಿ ಮದುವೆಗೆ ಹೋಗಿದ್ದೆ. ಕೊಯ್ಲಿನ ಸಮಯ, ನನ್ನ ಉಗುರೆಲ್ಲ ಕಪ್ಪು. ಈ ಕಲೆ ಸೋಪಿಗೆ ಹೋಗುವುದಿಲ್ಲ. ಸೋಪು ತಾಗಿದರೆ ಇನ್ನೂ ನೀಲಿಗಪ್ಪಾಗುತ್ತೆ. ನಿಂಬೆಹಣ್ಣು ಉಜ್ಜಿದರೆ ಕೆಂಪಿಗೆ ತಿರುಗುತ್ತೆ. ಅವತ್ತು ಉಜ್ಜೋಕೆ ಪುರುಸೊತ್ತಿರಲಿಲ್ಲ. ಊಟದ ಸಾಲಲ್ಲಿ ಪಕ್ಕ ಕೂತಿದ್ದ ದೂರದ ಮಾವ ಒಬ್ಬರು ನನ್ನ ಕೈ ನೋಡಿ, ಎದುರು ಸಾಲಿಗೂ ಕೇಳುವ ಹಾಗೆ, "ಏನಮ್ಮಾ, ಡೈ ಕಲೆಸ್ತಿದ್ದೆಯಾ? ಬೀಟ್ರೂಟ್ ಹಾಕಿದ್ರೆ ಸಾಕಾಗಲ್ವಾ?" ಅಂದರು. ಬಡಿಸುವ ಹುಡುಗನೂ ನಕ್ಕ.

ಊಟ ಮುಗಿದ ಮೇಲೆ ನಾನು ಹಣ್ಣಿನ ತಟ್ಟೆಯಿಂದ ಒಂದು ಬ್ಲೂ ದ್ರಾಕ್ಷಿ ತಗೊಂಡು ಅವರ ಮುಂದೆಯೇ ಹಿಸುಕಿದೆ. ಚಿಕ್ಕಂದಿನಲ್ಲಿ ಎಲ್ಲರೂ ಮಾಡಿದ್ದೇ ಅಲ್ವಾ, ತೊಟ್ಟಿನ ಕಡೆಯಿಂದ ಬಾಯಿಗಿಟ್ಟು ಒತ್ತಿದರೆ ತಿರುಳು ಪುಳಕ್ ಅಂತ ಒಳಗೆ, ಸಿಪ್ಪೆ ಬೆರಳಲ್ಲೇ. ತಿರುಳು ಯಾವ ಬಣ್ಣ ನೋಡಿ ಮಾವ ಅಂದೆ. ತಿಳಿ ಹಸಿರು. ವೈನ್ ದ್ರಾಕ್ಷಿಯೂ ಸುಮಾರಾಗಿ ಹೀಗೇ, ಬಣ್ಣ ಎಲ್ಲ ಸಿಪ್ಪೆಯಲ್ಲಿ. ರಸ ಸಿಪ್ಪೆ ಜೊತೆ ದಿನಗಟ್ಟಲೆ ಕೂತರೆ ಕೆಂಪು ವೈನ್. ಕೆಲವೇ ಗಂಟೆ ಕೂತರೆ ರೋಸೆ, ಅಂದರೆ ಗುಲಾಬಿ ವೈನ್. ಕೂರಿಸದೆ ಕೂಡಲೇ ಹಿಂಡಿ ಸಿಪ್ಪೆ ತೆಗೆದರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಬರುತ್ತೆ. ಫ್ರಾನ್ಸಿನ ಶಾಂಪೇನ್‌ನವರು ಅದನ್ನೇ ಮಾಡುತ್ತಾರೆ.

ಮಾವ ತಿರುಳು ನೋಡಿದರು. ಬಾಯಿಗೆ ಹಾಕಿಕೊಂಡರು. ಆಮೇಲೆ, "ಹಂಗಾದ್ರೆ ಬಿಳೀದಕ್ಕೆ ಬಣ್ಣ ತೆಗೆಯೋಕೆ ಏನ್ ಹಾಕ್ತೀರಾ?"

ಅವತ್ತಿನಿಂದ ಬಾಯಲ್ಲಿ ಉತ್ತರ ಹೇಳುವುದನ್ನು ಬಿಟ್ಟಿದ್ದೇನೆ.

ಪೂರ್ತಿ ಅವರದ್ದೇ ತಪ್ಪು ಅನ್ನಲೂ ಆಗುವುದಿಲ್ಲ. ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುವ ಎಷ್ಟೋ ಮಂದಿ ಸಕ್ಕರೆ ಸುಟ್ಟು ಬಣ್ಣಕ್ಕೆ ಹಾಕುತ್ತಾರೆ. ಅದನ್ನು ಕಂಡವರಿಗೆ ಅನುಮಾನ ಬರುತ್ತೆ. ನಾವೂ ಏನೂ ಹಾಕದ ಸಾಧುಗಳೇನಲ್ಲ. ಈಸ್ಟ್ ಹಾಕುತ್ತೇವೆ, ಕೆಡದ ಹಾಗೆ ಸ್ವಲ್ಪ ಸಲ್ಫೈಟ್ ಹಾಕುತ್ತೇವೆ. ನಮ್ಮ ಬಿಸಿಲಿಗೆ ಹಣ್ಣಲ್ಲಿ ಹುಳಿ ಬೇಗ ಇಳಿದುಬಿಡುತ್ತೆ, ಅದಕ್ಕೆ ಟಾರ್ಟಾರಿಕ್ ಆಮ್ಲ. ಹೆಸರು ಕೇಳಿ ಗಾಬರಿ ಬೇಡ, ನಿಮ್ಮ ಸಾರಿನ ಹುಣಸೆಹಣ್ಣಲ್ಲಿ ಇರುವುದೂ ಅದೇ ಹುಳಿ. ಹುಳಿ ಸರಿ ಇದ್ದರೆ ಬಣ್ಣವೂ ಕೆಂಪಾಗಿ ನಿಲ್ಲುತ್ತೆ. ನಿಂಬೆಹಣ್ಣು ಮತ್ತು ಉಗುರಿನ ಕಥೆಯೇ ಇದು.

ಯಾರಾದರೂ 'ಸಿಪ್ಪೆ ಯಾವತ್ತು ತೆಗೀತೀರಾ?' ಅಂತ ಕೇಳಬಾರದಾ? ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ. ನಮ್ಮ ಮನೆಯಲ್ಲಿ ವರ್ಷಾ ವರ್ಷ ಜಗಳ ಆಗುವುದು ಅದಕ್ಕೇ.

ಬಿಸಿಲೇರುವ ಮೊದಲೇ ಕೊಯ್ದು, ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆ ಬೀಜದ ಸಮೇತ ಸ್ಟೀಲ್ ಟ್ಯಾಂಕಿಗೆ ತುಂಬುತ್ತೇವೆ. ಒಂದೆರಡು ದಿನಕ್ಕೆ ದೋಸೆ ಹಿಟ್ಟಿನ ಹಾಗೆ ಉಕ್ಕೋಕೆ ಶುರು. ಒಳಗೆ ಹುಟ್ಟುವ ಗ್ಯಾಸು ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳುತ್ತೆ, ಮೇಲೆ ದಪ್ಪನೆ ಪದರ ಕಟ್ಟುತ್ತೆ. ಮನೆಯಲ್ಲಿ ಅದನ್ನು ಟೋಪಿ ಅನ್ನುತ್ತೇವೆ. ಉದ್ದ ಹಿಡಿಯ ಸ್ಟೀಲ್ ತಟ್ಟೆಯಿಂದ ಅದನ್ನು ಒತ್ತಿ ರಸದೊಳಗೆ ಮುಳುಗಿಸಬೇಕು, ದಿನಕ್ಕೆ ನಾಲ್ಕು ಸಲ. ಬಿಟ್ಟರೆ ಒಣಗಿ ವಿನೆಗರ್ ವಾಸನೆ ಹತ್ತುತ್ತೆ. ಮೊದಲ ಸಲ ಒತ್ತುವಾಗ ಟೋಪಿ ಕದಲುವುದೇ ಇಲ್ಲ, ಹಸಿ ಗೋಡೆ ತಳ್ಳಿದ ಹಾಗೆ. ಒಂದು ಕಡೆ ಬಿರುಕು ಬಿಟ್ಟರೆ ಅಲ್ಲಿಂದ ಕಡುಗೆಂಪು ನೊರೆ ಬುಸ್ ಅಂತ ಮೇಲೆ ಬರುತ್ತೆ. ಆಗ ಬಗ್ಗಿ ನೋಡಬಾರದು, ಆ ಗ್ಯಾಸಿಗೆ ತಲೆ ಸುತ್ತಿ ಟ್ಯಾಂಕಿನೊಳಗೇ ಬೀಳಬಹುದು.

ಬಣ್ಣ ಬೇಗ ಬಿಡುತ್ತೆ, ಮೊದಲ ಕೆಲವು ದಿನದಲ್ಲೇ. ಒಗರು ಮಾತ್ರ ನಿಧಾನ. ಆಲ್ಕೋಹಾಲ್ ಏರಿದ ಹಾಗೆ ಬೀಜದಿಂದಲೂ ಒಗರು ಇಳಿಯುತ್ತೆ. ಬೇಗ ಹಿಂಡಿದರೆ ವೈನ್ ತೆಳ್ಳಗೆ, ಶರಬತ್ತಿನ ಹಾಗೆ. ತಡ ಮಾಡಿದರೆ ಕಾಯಿ ಸೀಬೆ ಕಚ್ಚಿದ ಹಾಗೆ. ಅಪ್ಪ ಕೊಯ್ಯುವ ಮೊದಲೇ ಬೀಜ ಕಚ್ಚಿ ನೋಡುತ್ತಾರೆ. ಅಣ್ಣನ ಮೀಟರ್ 24 ಬ್ರಿಕ್ಸ್ ಸಕ್ಕರೆ ತೋರಿಸಿದರೂ, ಅಂದರೆ ಹಣ್ಣು ಮಾಗಿದೆ ಅಂದರೂ, ಬೀಜ ಹಸಿರಿದ್ದರೆ, "ಸಿಪ್ಪೆ ಜೊತೆ ಎಂಟು ದಿನದ ಮೇಲೆ ಒಂದು ದಿನವೂ ಬೇಡ" ಅಂತ ಅವತ್ತೇ ತೀರ್ಪು.

ಒಂದು ವರ್ಷ ನಾನು ಕೇಳಲಿಲ್ಲ. ಎಲ್ಲೋ ಓದಿದ್ದೆ, ಜಾಸ್ತಿ ದಿನ ಬಿಟ್ಟಷ್ಟೂ ಗಟ್ಟಿ ವೈನ್ ಅಂತ. ಎಂಟಕ್ಕೆ ಅಪ್ಪ ನನ್ನ ಮುಖ ನೋಡಿದರು. ಹತ್ತಕ್ಕೆ ಮಾತು ಬಿಟ್ಟರು. ಹದಿನಾಲ್ಕಕ್ಕೆ ಹಿಂಡಿದೆ. ಒಂದು ಗುಟುಕಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಅಡಿಕೆ ಅಗಿದ ಹಾಗೆ. "ಬ್ಯಾರೆಲ್‌ನಲ್ಲಿ ಸರಿ ಹೋಗುತ್ತೆ" ಅಂದೆ. ಅಣ್ಣ ಕೆಮ್ಮಿದ.

ಮಾರೋಕೆ ಆಗಲಿಲ್ಲ. ಆ ಬಾಟಲಿಗಳು ಶೆಡ್ಡಿನ ಮೂಲೆಯಲ್ಲಿ ಮಲಗಿವೆ. ವರ್ಷಕ್ಕೊಂದು ಸಲ, ಯುಗಾದಿ ಮಾರನೇ ದಿನ ಹೊಸತೊಡಕಿಗೆ, ಮಟನ್ ಸಾರು ಇಳಿಸಿದ ಮೇಲೆ ಅಪ್ಪ ಅದರಲ್ಲಿ ಒಂದನ್ನು ತಂದು ತೆಗೆಯುತ್ತಾರೆ. ಮೊದಲ ಲೋಟ ನನಗೆ. ಏನೂ ಹೇಳುವುದಿಲ್ಲ, ಎದುರಿಗೆ ಕೂತು ನಾನು ಕುಡಿಯುವುದನ್ನೇ ನೋಡುತ್ತಾರೆ.

ಈ ವರ್ಷವೂ ಒಗರೇ ಇತ್ತು. ಬಣ್ಣ ಮಾತ್ರ ಚೆನ್ನಾಗಿದೆ.