ತುಳಸಿ ಎಲಿ ನೆಳ್ಳಾಗ ಒಣಗಸ್ರಿ

ನಮ್ಮೂರು ನಿಪ್ಪಾಣಿ ಹತ್ರ, ಬೀಡಿ ತಂಬಾಕಿನ ಸೀಮಿ, ಬಿಸಲಾಗ ತಂಬಾಕು ಒಣಗಸೂದು ಸಣ್ಣಾಂವಿದ್ದಾಗಿಂದ ನೋಡೇನಿ, ಅದಕ್ಕ ಬೀಡಿ ಬದ್ಲಿ ಸುರುಳಿ ಸುತ್ತಿ ಸೇದಾಕ ಬೇಕಾದ ತುಳಸೀನೂ ಹಂಗ ಅನ್ಕೊಂಡು ಮೊದಲ ಸಲ ಮಾಳಿಗಿ ಮ್ಯಾಲ ಬಿಸಲಿಗೆ ಹಾಕಿದ್ದೆ. ಎರಡ ದಿನಕ್ಕ ಬಣ್ಣಾನೂ ಹೋತು, ವಾಸನಿನೂ ಹೋತು. ತುಳಸಿ ಘಮ ಇರೂದು ಅದರ ಎಣ್ಣಿಯೊಳಗ, ಬಿಸಿಗೆ ಹಾರಿ ಹೋಗ್ತೈತಿ. ಈಗ ಹೂ ಬಿಡೂಕಿಂತ ಮೊದಲ, ಮುಂಜಾನಿ ಇಬ್ಬನಿ ಆರಿದ ಮ್ಯಾಲ ಕೊಯ್ದು, ಸಣ್ಣ ಸಣ್ಣ ಕಟ್ಟು ಕಟ್ಟಿ ಹಿಂದಿನ ಖೋಲ್ಯಾಗ ತಲಿಕೆಳಗ ತೂಗಬಿಡ್ತೀನಿ, ಗಾಳಿ ಆಡಬೇಕು, ಮಳಿಗಾಲದಾಗ ಬೂಷ್ಟು ಭಾಳ ಲಗೂ ಬರ್ತೈತಿ, ಬಂದದ್ದು ಕಂಡ್ರ ಇಡೀ ಕಟ್ಟು ಒಗದ ಬಿಡ್ರಿ.

ಕಡ್ಡಿ ಬಗ್ಗಸಿದ್ರ ಪಟ್ ಅಂತ ಮುರೀಬೇಕು, ಆಗ ಒಣಗೇತಿ ಅಂತ ಲೆಕ್ಕ. ಅಂಗೈಯಾಗ ತಿಕ್ಕಿ, ಜರಡಿ ಹಿಡದು ಕಡ್ಡಿ ತಗೀರಿ. ಚಹಾಪುಡಿಗಿಂತ ದಪ್ಪನ ಇರ್ಲಿ, ಭಾಳ ನುಣ್ಣಗಾದ್ರ ಸುರುಳಿಯೊಳಗ ಗಾಳಿ ಆಡೂದಿಲ್ಲ. ಆಮ್ಯಾಲ ಗಾಜಿನ ಭರಣಿ.

ನಮ್ಮ ಕಾಕಾ ಬೀಡಿ ಬಿಡಾಕಂತ ಇದನ್ನ ಸೇದ್ತಾರ. ನಿಕೋಟಿನ್ ಇಲ್ಲ ಖರೆ, ಆದ್ರ ಹೊಗಿ ಹೊಗಿನ, ಟಾರ್, ಕಾರ್ಬನ್ ಮಾನಾಕ್ಸೈಡ್ ಎರಡೂ ಇದ್ದ ಇರ್ತಾವ, ಅದಕ್ಕ ದಿನಕ್ಕ ಒಂದ ಅಂತ ನಾನ ಸುತ್ತಿ ಕೊಡ್ತೀನಿ, ಭರಣಿ ಅವರ ಕೈಗೆ ಕೊಡೂದಿಲ್ಲ.