ಹಾಳೆ ತಟ್ಟೆಯ ವ್ಯಾಪಾರದಲ್ಲಿ ಗಿರಾಕಿವಾರು ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಆಸುಪಾಸಿನಲ್ಲಿ ಅಡಕೆ ಹಾಳೆಯಿಂದ ತಟ್ಟೆ, ಬಟ್ಟಲು ಒತ್ತುವ ಸಣ್ಣ ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಇವರ ಪುಸ್ತಕಗಳಲ್ಲಿ ಮಾರಾಟದ ಮೊತ್ತ ಪೈಸೆ ತಪ್ಪದೆ ಇರುತ್ತದೆ. ಕೂಲಿ, ಕರೆಂಟ್ ಬಿಲ್ಲು, ಪಿಕಪ್ಪಿನ ಬಾಡಿಗೆ ಎಲ್ಲವೂ ಇರುತ್ತವೆ. ಯಾವ ಗಿರಾಕಿಯಿಂದ ಎಷ್ಟು ಉಳಿಯಿತು ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರ ಸಿಗುವುದಿಲ್ಲ. ಹೆಚ್ಚು ಮಾಲು ಕೊಳ್ಳುವವರೇ ಹೆಚ್ಚು ಲಾಭ ತರುವವರು ಎಂಬ ನಂಬಿಕೆಯ ಮೇಲೆ ದರ, ಉದ್ರಿ, ಸಾಗಾಟ ಎಲ್ಲವೂ ನಿಶ್ಚಯವಾಗಿಬಿಡುತ್ತವೆ.

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಒಂದು ತಟ್ಟೆಯ ತಯಾರಿಗೆ 2.40 ರೂಪಾಯಿ ಖರ್ಚು. ಮಂಗಳೂರಿನ ಸಗಟು ವ್ಯಾಪಾರಿಯೊಬ್ಬರು ತಿಂಗಳಿಗೆ 60,000 ತಟ್ಟೆಗಳನ್ನು 3 ರೂಪಾಯಿಯಂತೆ ಕೊಳ್ಳುತ್ತಾರೆ. ಮದುವೆ, ಬ್ರಹ್ಮಕಲಶೋತ್ಸವಗಳಿಗೆ ಅಡುಗೆ ವಹಿಸಿಕೊಳ್ಳುವ ಊರಿನವರೊಬ್ಬರು 10,000 ತಟ್ಟೆಗಳನ್ನು 3.50ರಂತೆ ಕೊಳ್ಳುತ್ತಾರೆ. ಮೇಲ್ನೋಟಕ್ಕೆ ಮೊದಲನೆಯವರಿಂದ 36,000, ಎರಡನೆಯವರಿಂದ 11,000 ರೂಪಾಯಿ ಉಳಿಯಿತು. ಆದರೆ ಸಗಟು ವ್ಯಾಪಾರಿಗೆ ಹತ್ತು ಹತ್ತರ ಕಟ್ಟು ಮಾಡಿ ಪ್ಲಾಸ್ಟಿಕ್ ಹೊದಿಸಿ ಕೊಡಬೇಕು, ಅದಕ್ಕೆ 9,000. ಅವರಲ್ಲಿ ಗೋದಾಮಿನ ಜಾಗ ಕಡಿಮೆಯಾದುದರಿಂದ ತಿಂಗಳಿಗೆ ಎಂಟು ಸಲ ಪಿಕಪ್ ಹೋಗಬೇಕು, ಸಲಕ್ಕೆ 1,900ರಂತೆ 15,200. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತೆಂದು 3,000 ತಟ್ಟೆಗಳು ಹಿಂದಿರುಗಿದರೆ ಅವುಗಳ ಬೆಲೆಯೆಂದು ಬಿಲ್ಲಿನಲ್ಲಿ ಕಳೆಯುವುದು 9,000. ಎರಡು ತಿಂಗಳ ಉದ್ರಿಯೆಂದರೆ 3,60,000 ರೂಪಾಯಿ ಸದಾ ಹೊರಗೆ. ವರ್ಷಕ್ಕೆ ಶೇಕಡಾ 12ರ ಬಡ್ಡಿ ಹಿಡಿದರೂ ತಿಂಗಳಿಗೆ 3,600. ಒಟ್ಟು 36,800; ಅಂದರೆ 800 ರೂಪಾಯಿ ನಷ್ಟ. ಅಡುಗೆಯವರು ತಮ್ಮ ಗಾಡಿಯಲ್ಲೇ ಬಂದು, ಗೋಣಿಯಲ್ಲಿ ತುಂಬಿಸಿಕೊಂಡು, ಕೈಯಲ್ಲಿ ದುಡ್ಡು ಕೊಟ್ಟು ಹೋಗುತ್ತಾರೆ. ತುಂಬಿಸುವ ಕೂಲಿ 500 ಕಳೆದರೂ 10,500 ಉಳಿಯುತ್ತದೆ.

ಇದು ಸಣ್ಣ ಘಟಕಗಳಿಗಷ್ಟೇ ಸೀಮಿತವಾದ ವಿಷಯವಲ್ಲ. ಕಾಯಿಸುವ ತಂತಿ ತಯಾರಿಸುವ ಸ್ವೀಡನ್ನಿನ ಕಾಂತಾಲ್ ಕಂಪೆನಿ 1980ರ ದಶಕದಲ್ಲಿ ಇಂತಹ ಲೆಕ್ಕ ಹಾಕಿದಾಗ, ಶೇಕಡಾ 20ರಷ್ಟು ಗಿರಾಕಿಗಳು ಒಟ್ಟು ಲಾಭದ ಶೇಕಡಾ 225ರಷ್ಟನ್ನು ತಂದುಕೊಟ್ಟಿದ್ದರು, ಶೇಕಡಾ 10ರಷ್ಟು ಗಿರಾಕಿಗಳು ಶೇಕಡಾ 125ರಷ್ಟನ್ನು ತಿಂದುಹಾಕಿದ್ದರು. ಹಾರ್ವರ್ಡಿನ ರಾಬರ್ಟ್ ಕಾಪ್ಲಾನ್ ಬರೆದ ಈ ಪ್ರಕರಣ ವೆಚ್ಚ ಲೆಕ್ಕಶಾಸ್ತ್ರದ ತರಗತಿಗಳಲ್ಲಿ ಪ್ರಸಿದ್ಧವಾಗಿದೆ. ಅತಿ ಹೆಚ್ಚು ನಷ್ಟ ತಂದವರಲ್ಲಿ ಆ ಕಂಪೆನಿಯ ಬಹು ದೊಡ್ಡ ಗಿರಾಕಿಗಳೂ ಇದ್ದರು ಎಂಬುದೇ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವ ಅಂಶ.

ಹಾಗೆಂದು ಸಗಟು ವ್ಯಾಪಾರಿಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಪಿಕಪ್ ಬಾಡಿಗೆಯದ್ದಾದರೆ ಅವರನ್ನು ಬಿಟ್ಟಾಗ ಆ ಖರ್ಚು ಪೂರ್ತಿ ನಿಲ್ಲುತ್ತದೆ. ಸ್ವಂತದ್ದಾದರೆ ಸಾಲದ ಕಂತು, ವಿಮೆ ಹಾಗೆಯೇ ಉಳಿದು ಇತರ ಗಿರಾಕಿಗಳ ತಲೆಗೆ ಬರುತ್ತವೆ. ತಯಾರಿ ಖರ್ಚಿನ 2.40ರಲ್ಲಿಯೂ ಶೆಡ್ಡಿನ ಬಾಡಿಗೆಯಂತಹ ನಿಲ್ಲದ ಖರ್ಚಿನ ಪಾಲಿದೆಯೇ ಎಂದು ನೋಡಬೇಕು. ಆದುದರಿಂದ ಮೊದಲು ಮಾಡಬೇಕಾದದ್ದು ಮಾತುಕತೆ. ಎಂಟು ಸಲದ ಸಾಗಾಟ ನಾಲ್ಕಕ್ಕೆ ಇಳಿದರೆ 7,600 ಉಳಿದು, 800ರ ನಷ್ಟವಿದ್ದಲ್ಲಿ 6,800ರ ಲಾಭ ಕಾಣುತ್ತದೆ. ಹಾಳೆಯನ್ನು ನೆನೆಸಿ ಒತ್ತಿದ ಬಳಿಕ ಪಸೆ ಆರದೆ ಕಟ್ಟು ಮಾಡಿದರೆ ಬೂಷ್ಟು ಬರುವುದು ಖಂಡಿತ. ಆ ನಷ್ಟವನ್ನು ತಡೆಯುವ ದಾರಿ ಗಿರಾಕಿಯ ಕೈಯಲ್ಲಿಲ್ಲ, ಘಟಕದ ಕೈಯಲ್ಲಿದೆ. ಇಷ್ಟು ತಿಳಿಯಲು ಬೇರೆ ಸಾಧನವೇನೂ ಬೇಡ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಲ್ಲಿ ಪ್ರತಿ ಗಿರಾಕಿಗೆ ಒಂದು ಕಾಸ್ಟ್ ಸೆಂಟರ್, ಅಂದರೆ ಖರ್ಚನ್ನು ಬೇರೆಯಾಗಿ ಗುರುತಿಸುವ ಖಾನೆ, ತೆರೆದು, ಪಿಕಪ್ಪಿನ ಬಿಲ್ಲು ಬಂದ ದಿನವೇ ಅದು ಯಾರ ಮಾಲಿನದ್ದೆಂದು ನಮೂದಿಸಿದರೆ ಸಾಕು.

ಇನ್ನು ಮಾರಾಟದ ವ್ಯತ್ಯಾಸ, ಅಂದರೆ ಅಂದಾಜಿಗೂ ನಿಜವಾದ ಮಾರಾಟಕ್ಕೂ ಇರುವ ಅಂತರ. ತಿಂಗಳಿಗೆ 20,000 ದೊಡ್ಡ ತಟ್ಟೆ, 20,000 ಬಟ್ಟಲು ಮಾರುವ ಅಂದಾಜಿತ್ತೆಂದು ಭಾವಿಸೋಣ. ತಟ್ಟೆಯಲ್ಲಿ 1.50, ಬಟ್ಟಲಿನಲ್ಲಿ 50 ಪೈಸೆ ಉಳಿಯುತ್ತದೆ. ಒಟ್ಟು 40,000 ರೂಪಾಯಿ, ಅಂದರೆ ಸರಾಸರಿ ಒಂದಕ್ಕೆ ಒಂದು ರೂಪಾಯಿ. ನಿಜವಾಗಿ ಹೋದದ್ದು 16,000 ತಟ್ಟೆ, 28,000 ಬಟ್ಟಲು. ಸಂಖ್ಯೆ 44,000ಕ್ಕೆ ಏರಿದುದರಿಂದ ಮಾಲೀಕರು ಸಂತೋಷಪಡುತ್ತಾರೆ, ಆದರೆ ಉಳಿದದ್ದು 38,000 ಮಾತ್ರ. ಈ 2,000ದ ಇಳಿಕೆಯನ್ನು ಬಿಡಿಸಿ ನೋಡಬೇಕು: 4,000 ಹೆಚ್ಚುವರಿ ಮಾಲಿನಿಂದ 4,000 ರೂಪಾಯಿ ಅನುಕೂಲವಾಗಿದೆ, ತಟ್ಟೆ ಕಡಿಮೆಯಾಗಿ ಬಟ್ಟಲು ಹೆಚ್ಚಾದುದರಿಂದ 6,000 ಪ್ರತಿಕೂಲವಾಗಿದೆ. ಮೊದಲನೆಯದು ಪ್ರಮಾಣದ ವ್ಯತ್ಯಾಸ, ಎರಡನೆಯದು ಮಿಶ್ರಣದ ವ್ಯತ್ಯಾಸ. ಪ್ರಮಾಣದ ವ್ಯತ್ಯಾಸವನ್ನು ಮಾರುಕಟ್ಟೆಯ ಗಾತ್ರ, ನಮ್ಮ ಪಾಲು ಎಂದು ಮತ್ತೂ ಒಡೆಯಬಹುದು. ಇಡೀ ಮಾರುಕಟ್ಟೆಯ ನಂಬಬಹುದಾದ ಅಂಕಿ ಕೈಯಲ್ಲಿಲ್ಲದ ಸಣ್ಣ ಘಟಕಗಳು ಆ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಒಟ್ಟಾಗಿ ಮಾರಿದ ಮಾಲುಗಳ ಬೆಲೆಯಲ್ಲಿ ಯಾವುದಕ್ಕೆ ಎಷ್ಟು ಎಂದು ಬಿಡಿಸುವ ಆದಾಯದ ಹಂಚಿಕೆ ಎಂಬ ಮಾತು ದೊಡ್ಡ ಕಂಪೆನಿಗಳದ್ದೆಂದು ತೋರಬಹುದು. ಆದರೆ ದೊಡ್ಡ ತಟ್ಟೆ, ಸಣ್ಣ ತಟ್ಟೆ, ಬಟ್ಟಲುಗಳನ್ನು ಒಂದೇ ಸೆಟ್ಟಾಗಿ ಮಾರಿ, ಬಟ್ಟಲನ್ನು ಕುಟುಂಬಶ್ರೀ ಎಂಬ ಸ್ವಸಹಾಯ ಗುಂಪಿನ ಹೆಂಗಸರು ಒತ್ತಿಕೊಟ್ಟು, ಮಾರಾಟದ ಮೇಲೆ ಅವರಿಗೆ ಪಾಲು ಎಂಬ ಒಪ್ಪಂದವಿದ್ದರೆ, ಅದು ಅವರ ಗಳಿಕೆಯ ಪ್ರಶ್ನೆಯಾಗುತ್ತದೆ. ಬಿಡಿಯಾಗಿ 125, 75, 50 ರೂಪಾಯಿಗೆ ಹೋಗುವ ಮೂರನ್ನೂ 200ಕ್ಕೆ ಕೊಟ್ಟರೆ, ಬಿಡಿ ಬೆಲೆಯ ಅನುಪಾತದಲ್ಲಿ ಬಟ್ಟಲಿನ ಪಾಲು 40. ಮುಖ್ಯ ಮಾಲಿಗೆ ಪೂರ್ತಿ ಬೆಲೆ ಕೊಟ್ಟು, ಉಳಿದದ್ದನ್ನು ಸರದಿಯಂತೆ ಕೊಡುವ ಕ್ರಮದಲ್ಲಿ ದೊಡ್ಡ ತಟ್ಟೆಗೆ 125, ಸಣ್ಣದಕ್ಕೆ 75 ಹೋಗಿ ಬಟ್ಟಲಿಗೆ ಏನೂ ಸಿಗುವುದಿಲ್ಲ. ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ತೋರಿಸಿದಂತೆ, ಸಾಧ್ಯವಿರುವ ಆರೂ ಸರದಿಗಳ ಸರಾಸರಿ ತೆಗೆದರೆ ಬಟ್ಟಲಿಗೆ 33.33 ಬರುತ್ತದೆ. ಮೊದಲನೆಯ ಕ್ರಮವೇ ನ್ಯಾಯವೆಂದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ, ಆದಾಯದ ಲೆಕ್ಕಕ್ಕೆ ಸಂಬಂಧಿಸಿದ ಮಾನದಂಡವೂ ಸಾಮಾನ್ಯವಾಗಿ ಬಿಡಿ ಬೆಲೆಯ ಅನುಪಾತವನ್ನೇ ಹೇಳುತ್ತದೆ. ಅದು ಇಂತಹ ಘಟಕಗಳಿಗೆ ಕಡ್ಡಾಯವಲ್ಲವಾದರೂ, ಆ ಹೆಂಗಸರು ತಾವೇ ಕೂಡಿಸಿ ನೋಡಬಹುದಾದ ಲೆಕ್ಕವೂ ಅದೊಂದೇ. ಯಾವ ಕ್ರಮವೆಂಬುದನ್ನು ಮದುವೆಗಳ ಗೌಜು ಶುರುವಾಗುವ ಮೊದಲೇ ಬರೆದು ಎರಡೂ ಕಡೆಯವರು ಸಹಿ ಹಾಕಿಟ್ಟುಕೊಳ್ಳಬೇಕೆಂದು ನಾನು ಎಲ್ಲ ಘಟಕಗಳಿಗೂ ಹೇಳುತ್ತಿದ್ದೇನೆ.